ಬಣ್ಣ ಹಚ್ಚಿ ಬರುವ ಫ್ಯಾಂಟಸಿ ಮಿನಿಗಳು: ಹಳೇದು, ಹೊಸದು ಒಂದೇ ಮೇಜಿನ ಮೇಲೆ ಹೊಂದುತ್ತಾ?

ಇಪ್ಪತ್ಮುಖಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಬಣ್ಣ ಹಚ್ಚಿಯೇ ಬರುವ ಮಿನಿಗಳ, ಅಂದರೆ ಮೇಜಿನ ಮೇಲೆ ಆಡೋ ಆಟಗಳ ಪುಟ್ಟ ಗೊಂಬೆಗಳ, ದೊಡ್ಡ ರಾಶಿ ಇದೆ. ಹೆಚ್ಚಿನವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನೋ ಕತೆಯಾಟದ ಹಳೆಯ ಮಿನಿಯೇಚರ್ಸ್, ಅಂದರೆ 2003ರ ಹಾರ್ಬಿಂಜರ್ ಸೆಟ್‌ನಿಂದ ಶುರುವಾದ ಸಾಲು. ಆಮೇಲೆ 2014ರಿಂದ ಈಚೆಗೆ ಬಂದ, ಅದೇ ಆಟದ ಐಕಾನ್ಸ್ ಆಫ್ ದ ರೆಲ್ಮ್ಸ್ ಸಾಲಿನವು ಒಂದಿಷ್ಟು. ಆಟ ಬಿಟ್ಟವರೊಬ್ಬರು ಕೊಟ್ಟ, ಮೇಜ್ ನೈಟ್ ಅನ್ನೋ ಬೇರೆ ಆಟದ ಗೊಂಬೆಗಳೂ ಒಂದು ಡಬ್ಬಿ ತುಂಬ ಇವೆ.

ಬೇರೆ ಬೇರೆ ಇಟ್ಟಾಗ ಎಲ್ಲ ಚೆನ್ನಾಗೇ ಕಾಣುತ್ತವೆ. ಒಂದೇ ನಕ್ಷೆಯ ಮೇಲೆ ನಿಲ್ಲಿಸಿದರೆ ಕಣ್ಣಿಗೆ ಹೊಡೆಯುತ್ತದೆ. ಒಬ್ಬ ಯೋಧ ಇನ್ನೊಬ್ಬ ಯೋಧನ ಮೂಗಿನ ತನಕ ಬರುತ್ತಾನೆ, ಇಬ್ಬರೂ ಮನುಷ್ಯರೇ, ಇಬ್ಬರೂ ಒಂದಿಂಚಿನ ಬೇಸ್ (ಕಾಲಡಿಯ ದುಂಡು ತಟ್ಟೆ) ಮೇಲೆ ನಿಂತವರೇ. ಒಬ್ಬ ಡ್ವಾರ್ಫ್ (ಕುಳ್ಳ ಜಾತಿಯವ) ಅಂತೂ ಎಲ್ಫ್ ಬಿಲ್ಲುಗಾರ್ತಿಯ ಕಣ್ಣಲ್ಲಿ ಕಣ್ಣಿಟ್ಟು ನೋಡುವಷ್ಟು ಎತ್ತರ ಇದ್ದಾನೆ. ಇವುಗಳ ಸ್ಕೇಲ್, ಅಂದರೆ ನಿಜ ಅಳತೆಗೆ ಗೊಂಬೆಯ ಪ್ರಮಾಣ, ಏನು ಅಂತ ಎಲ್ಲಿ ಕೇಳಿದರೂ ಒಬ್ಬರು 28 ಮಿ.ಮೀ. ಅಂತಾರೆ, ಇನ್ನೊಬ್ಬರು 30 ಅಂತಾರೆ, ಮತ್ತೊಬ್ಬರು 32.

ಇದರಲ್ಲಿ ಸರಿಯಾದ ಸ್ಕೇಲ್ ಅಂತ ಒಂದು ಇದೆಯಾ? ಜಾಗ ಸಾಲದೆ ಒಂದಿಷ್ಟು ಮಾರಬೇಕು ಅಂತಿದ್ದೇನೆ. ಹೊಂದದೇ ಇರೋದನ್ನ ಮೊದಲು ಕಳಿಸೋಣ ಅನ್ನಿಸುತ್ತೆ. ಆದರೆ ಸಂಗ್ರಹಕಾರರು ಸ್ಕೇಲ್ ನೋಡುತ್ತಾರಾ, ಅಥವಾ ಅವರ ಲೆಕ್ಕವೇ ಬೇರೆನಾ? ತಿಳಿದವರು ಹೇಳಿ.

ಮೂಲೆಮನೆ ಓಗರ್:

ಮೊದಲು ಆ 28 ಮಿ.ಮೀ. ಅನ್ನೋದನ್ನ ಬದಿಗಿಡಿ. ಅದು ಸ್ಕೇಲೇ ಅಲ್ಲ, ಬರೀ ಎತ್ತರ. ಅದನ್ನೂ ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅನ್ನೋದರಲ್ಲಿ ಒಮ್ಮತ ಇಲ್ಲ. ಕೆಲವರು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ. ಕಣ್ಣಿಗೆ 28 ಇರುವ ಗೊಂಬೆ ನೆತ್ತಿಗೆ ಸುಮಾರು 30 ಬರುತ್ತದೆ. ಹಾಗಾಗಿ ನಿಮಗೆ 28 ಅಂದವರು, 30 ಅಂದವರು ಒಂದೇ ಗೊಂಬೆಯ ಬಗ್ಗೆ ಮಾತಾಡಿರಬಹುದು. ಇನ್ನು ಆ ಗೊಂಬೆ ಐದೂವರೆ ಅಡಿ ಮನುಷ್ಯನದೋ ಆರಡಿ ಮನುಷ್ಯನದೋ ಅಂತ ಯಾರೂ ಹೇಳೋದೇ ಇಲ್ಲ.

ಗಟ್ಟಿ ಲೆಕ್ಕ ಇರೋದು ನಕ್ಷೆಗೆ ಮಾತ್ರ. ಅದರ ಒಂದು ಇಂಚಿನ ಚೌಕ ಅಂದರೆ ಆಟದೊಳಗೆ ಐದು ಅಡಿ, ಐದು ಅಡಿ ಅಂದರೆ 60 ಇಂಚು, ಅಲ್ಲಿಗೆ 1:60. ಈ ಲೆಕ್ಕ ಹಿಡಿದರೆ ಆರಡಿ ಆಳು 30.5 ಮಿ.ಮೀ. ಇರಬೇಕು, ನಾಲ್ಕಡಿ ಡ್ವಾರ್ಫ್ 20, ಮೂರಡಿ ಹಾಫ್ಲಿಂಗ್ ಬರೀ 15. ಒಂಬತ್ತಡಿ ಓಗರ್ 46ರ ಹತ್ತಿರ.

ಈಗ ನಿಮ್ಮ ಡ್ವಾರ್ಫ್ ವಿಷಯ. 20 ಮಿ.ಮೀ. ಗೊಂಬೆಗೆ ಕಾರ್ಖಾನೆಯಲ್ಲಿ ಸಾಲುಸಾಲಾಗಿ ಕೂತು ಕಣ್ಣು, ಗಡ್ಡ, ಬೆಲ್ಟಿನ ಬಕಲ್ ಬಿಡಿಸಬೇಕು. ಒಂದೊಂದಕ್ಕೂ ಕೆಲವೇ ಕ್ಷಣ ಸಿಗುತ್ತವೆ. ಮನೆಯಲ್ಲಿ ಕೂತು ಸಣ್ಣ ಬ್ರಶ್ ಹಿಡಿಯುವವರು ಒಂದು ಮುಖಕ್ಕೇ ಸಂಜೆ ಪೂರ್ತಿ ಕೊಡಬಹುದು, ಅಲ್ಲಿ ಆಗಲ್ಲ. ಹಾಗಾಗಿ ಕುಳ್ಳರನ್ನ ಸ್ವಲ್ಪ ಬೆಳೆಸಿಯೇ ಬಿಡುತ್ತಾರೆ. ಹಾಫ್ಲಿಂಗ್‌ಗಳ ಕತೆಯೂ ಅದೇ. ನಿಜವಾದ 15 ಮಿ.ಮೀ. ಹಾಫ್ಲಿಂಗ್ ಮಾಡಿದರೆ ಬಣ್ಣ ಹಚ್ಚಿದ ಮೇಲೆ ಅದೊಂದು ಕಂದು ಚುಕ್ಕೆ ಥರ ಕಾಣುತ್ತದೆ, ಯಾರು ಕೊಳ್ಳುತ್ತಾರೆ?

ಕತ್ತಿ ನೋಡಿ. ನಿಜವಾದ ಕತ್ತಿಯ ಅಲಗು ಐದು ಸೆಂಟಿಮೀಟರ್ ಅಗಲ, ಅರ್ಧ ಸೆಂಟಿಮೀಟರ್ ದಪ್ಪ ಅಂತಿಟ್ಟುಕೊಳ್ಳಿ. 1:60ರಲ್ಲಿ ಅಗಲ 0.8 ಮಿ.ಮೀ. ಆಗುತ್ತದೆ. ದಪ್ಪ 0.08. ಅದು ಬರೆಯೋ ಹಾಳೆಗಿಂತ ತೆಳು. ಈ ಗೊಂಬೆಗಳೆಲ್ಲ ಮೆದು ಪಿವಿಸಿ, ಅಷ್ಟು ತೆಳುವಾಗಿ ಅಚ್ಚಿನಿಂದ ಹೊರಗೇ ಬರಲ್ಲ, ಬಂದರೂ ನಿಲ್ಲಲ್ಲ. ಅದಕ್ಕೆ ಕತ್ತಿ ದಪ್ಪ ಮಾಡುತ್ತಾರೆ. ದಪ್ಪ ಕತ್ತಿ ಹಿಡಿಯೋಕೆ ಮುಷ್ಟಿ ದೊಡ್ಡದಾಗಬೇಕು. ಮುಷ್ಟಿ ದೊಡ್ಡದಾದರೆ ತಲೆ ಸಣ್ಣದಾಗಿ ಕಾಣುತ್ತದೆ, ಅದನ್ನೂ ಹಿಗ್ಗಿಸುತ್ತಾರೆ. ನಿಜವಾದ ಮನುಷ್ಯನ ಎತ್ತರ ಅವನ ತಲೆಯ ಏಳು ಏಳೂವರೆ ಪಟ್ಟು. ಈ ಹೀರೋಯಿಕ್ ಅನ್ನೋ ಮೈಕಟ್ಟಿನ ಗೊಂಬೆಗಳಲ್ಲಿ ಐದು, ಆರು ಪಟ್ಟಿಗೆ ಇಳಿದಿರುತ್ತದೆ.

ನನ್ನ ಪ್ರಕಾರ ನಿಮ್ಮ ಕಣ್ಣಿಗೆ ಹೊಡೀತಿರೋದು ಎತ್ತರ ಅಲ್ಲ, ಇದು. ಎರಡು ಮಿ.ಮೀ. ಎತ್ತರದ ವ್ಯತ್ಯಾಸ ನಾವು ಸುಮ್ನೆ ಒಪ್ಪಿಕೊಳ್ಳುತ್ತೇವೆ, ಜನರಲ್ಲೂ ಗಿಡ್ಡ ಉದ್ದ ಇರ್ತಾರಲ್ವಾ. ಆದರೆ ಪಕ್ಕದವನ ತಲೆ ಇವನ ತಲೆಯ ಒಂದೂವರೆ ಪಟ್ಟು ಇದ್ದರೆ ಒಪ್ಪಲ್ಲ. ಎರಡು ಗೊಂಬೆ ತಗೊಂಡು ತಲೆಯ ಪಕ್ಕ ತಲೆ, ಮುಷ್ಟಿಯ ಪಕ್ಕ ಮುಷ್ಟಿ ಹಿಡಿದು ನೋಡಿ. ಅವು ಹೊಂದಿದರೆ ಎತ್ತರ ಮರೆತುಬಿಡಿ.

ಕಪಾಟು ಭರ್ತಿ:

ಓಗರ್ ಅವರು ಹೇಳಿದ್ದು ಸರಿ. ಅದರ ಜೊತೆಗೆ ಈ ಗೊಂಬೆಗಳನ್ನು ಪೆಟ್ಟಿಗೆಯಲ್ಲಿ ಹೇಗೆ ಮಾರುತ್ತಿದ್ದರು ಅನ್ನೋದನ್ನೂ ನೋಡಬೇಕು.

ಹಳೆಯ ಸಾಲಿನ ಮಾಮೂಲಿ ಬೂಸ್ಟರ್ ಪೆಟ್ಟಿಗೆಯಲ್ಲಿ ಎಂಟು ಗೊಂಬೆ. ನಾಲ್ಕು ಕಾಮನ್ (ಸುಲಭವಾಗಿ ಸಿಗೋವು), ಮೂರು ಅನ್‌ಕಾಮನ್, ಒಂದೇ ಒಂದು ರೇರ್ (ಅಪರೂಪದ್ದು). ಒಳಗೆ ಏನಿದೆ ಅಂತ ಗೊತ್ತಾಗಲ್ಲ. ಇನ್ನೊಂದು ಪೆಟ್ಟಿಗೆ ಕೊಳ್ಳಬೇಕು ಅನ್ನಿಸೋ ಹಾಗೆ ಮಾಡೋ ಕೆಲಸ ಪೂರ್ತಿ ಆ ಒಂದು ರೇರ್ ಮೇಲೆ. ಹಾಗಾಗಿ ಅದಕ್ಕೆ ಹಾರುವ ಮೇಲಂಗಿ, ಮೇಲೆತ್ತಿದ ದಂಡ, ಕಾಲಡಿ ಒಂದು ಬಂಡೆ. ಬಣ್ಣದ ಪದರಗಳೂ ಜಾಸ್ತಿ. ನಿಮ್ಮ ಎತ್ತರದ ಯೋಧನ ಬೂಟಿನ ಕೆಳಗೆ ಒಮ್ಮೆ ನೋಡಿ, ಅವನು ಎತ್ತರ ಇದ್ದಾನೋ ಕಲ್ಲು ಹತ್ತಿ ನಿಂತಿದ್ದಾನೋ ಅಂತ.

ಸಂಗ್ರಹದ ವಿಷಯಕ್ಕೆ ಬಂದರೆ, ಹೊಂದದೇ ಇರೋದನ್ನ ಮೊದಲು ಮಾರೋಣ ಅನ್ನೋ ಲೆಕ್ಕ ದಯವಿಟ್ಟು ಬಿಡಿ. ಕೊಳ್ಳೋರು ಯಾರೂ ಅಳತೆಪಟ್ಟಿ ಹಿಡಿದು ಬರಲ್ಲ. ಆ ಕಾಲದಲ್ಲಿ ಈ ಗೊಂಬೆಗಳು ಪಂದ್ಯದ ಆಟದ ಕಾಯಿಗಳೂ ಆಗಿದ್ದವು, ಪ್ರತಿಯೊಂದರ ಜೊತೆ ಅಂಕಿಅಂಶದ ಕಾರ್ಡ್ ಬರುತ್ತಿತ್ತು. ಪಂದ್ಯದಲ್ಲಿ ಬಲ ಇರೋ ಗೊಂಬೆಗೆ ಬೆಲೆ. ಪಂದ್ಯ ನಿಂತ ಮೇಲೆ ಬೇಡಿಕೆ ಉಲ್ಟಾ ಆಯಿತು. ಕತೆಯಾಟ ನಡೆಸೋರಿಗೆ ಬೇಕಾಗಿರೋದು ಒಂದು ಅಪರೂಪದ ರಾಕ್ಷಸ ರಾಜ ಅಲ್ಲ, ಒಂದು ಡಜನ್ ಅಸ್ಥಿಪಂಜರ, ಒಂದು ಡಜನ್ ಓರ್ಕ್. ಕಾಮನ್ ಅಂತ ಬದಿಗೆ ತಳ್ಳಿದ್ದನ್ನೇ ಜನ ಹುಡುಕಿಕೊಂಡು ಬರೋದು ಅಲ್ಲಿಂದ ಶುರುವಾಯಿತು. ಅವನ್ನ ತರುತ್ತಿದ್ದ ಕಂಪನಿ ವಿಜರ್ಡ್ಸ್ ಆಫ್ ದ ಕೋಸ್ಟ್ ಆ ಸಾಲನ್ನ ನಿಲ್ಲಿಸುತ್ತೇವೆ ಅಂತ 2011ರ ಜನವರಿಯಲ್ಲಿ ಹೇಳಿತು, ಇನ್ನು ಅದೇ ಅಚ್ಚಿನ ಹತ್ತು ಓರ್ಕ್ ಒಟ್ಟಿಗೆ ಬೇಕು ಅಂದರೆ ಇನ್ನೊಬ್ಬರ ಡಬ್ಬಿಯಿಂದಲೇ ಬರಬೇಕು.

ಗೊಂಬೆಯನ್ನ ತಲೆಕೆಳಗೆ ಮಾಡಿ ನೋಡಿದ್ದೀರಾ? ಬೇಸ್ ಅಡಿಯಲ್ಲಿ ಹೆಸರು, ಸೆಟ್‌ನ ಗುರುತು, ಕ್ರಮಸಂಖ್ಯೆ, ಅದರ ಪಕ್ಕ ಒಂದು ಪುಟ್ಟ ಚಿಹ್ನೆ. ದುಂಡು ಚುಕ್ಕೆ ಇದ್ದರೆ ಕಾಮನ್, ವಜ್ರದ ಆಕಾರ ಇದ್ದರೆ ಅನ್‌ಕಾಮನ್, ನಕ್ಷತ್ರ ಇದ್ದರೆ ರೇರ್. ಸಂಗ್ರಹಕಾರ ಮುಖಕ್ಕಿಂತ ಮೊದಲು ಇದನ್ನ ನೋಡುತ್ತಾನೆ. ಕಾರ್ಡ್ ಇದೆಯಾ ಅಂತ ಕೇಳುತ್ತಾನೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಭೂತ, ಬೆಂಕಿಯ ಜೀವಿ ಇದ್ದರೆ ಬೆಳಕಿಗೆ ಹಿಡಿದು ಹಳದಿ ತಿರುಗಿದೆಯಾ ಅಂತ ನೋಡುತ್ತಾನೆ.

ಸ್ಕೇಲ್ ನಮಗೆ ಬೇಕಾಗೋದು ಒಂದೇ ಕಡೆ, ಸೆಟ್‌ನ ಒಳಗೆ. ಹಾರ್ಬಿಂಜರ್‌ನ 80 ಗೊಂಬೆಗಳನ್ನ ಒಂದೇ ಕಪಾಟಿನಲ್ಲಿ ಕ್ರಮಸಂಖ್ಯೆ ಪ್ರಕಾರ ನಿಲ್ಲಿಸಿ ನೋಡಿ. ಬಣ್ಣದಲ್ಲಿ ತಪ್ಪಿದೆ, ಕೆಲವು ಮುಖಗಳು ನೋಡೋಕಾಗಲ್ಲ, ಆದರೂ ಒಂದೇ ಊರಿನವರ ಥರ ಕಾಣುತ್ತವೆ. ಅದರ ಮಧ್ಯೆ ಬೇರೆ ಕಾಲದ ಚೆಂದದ ಗೊಂಬೆ ಒಂದು ಇಟ್ಟರೂ ಸಾಲು ಕೆಡುತ್ತದೆ. ನನ್ನ ಮಟ್ಟಿಗೆ ಸಂಗ್ರಹದ ಸೊಗಸು ಅಂದರೆ ಅದು. ಬಿಡಿ ಗೊಂಬೆ ಎಷ್ಟು ಚೆನ್ನಾಗಿದೆ ಅನ್ನೋದು ಆಮೇಲೆ.

ಕುಳ್ಳ ಕೊಡಲಿ:

ಕಪಾಟಿನವರಿಗೆ ಕಪಾಟಿನದೇ ಚಿಂತೆ 😄 ನಾನು ಆಟ ನಡೆಸುವವನು, ನನಗೆ ಸ್ಕೇಲ್ ಬೇಕು. ಆದರೆ ಮನುಷ್ಯರ ಮಧ್ಯೆ ಎರಡು ಮಿ.ಮೀ. ಹೆಚ್ಚು ಕಮ್ಮಿ ಆದರೆ ನನ್ನ ಮೇಜಿನಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ತಲೆನೋವು ಬರೋದು ದೈತ್ಯರ ಹತ್ತಿರ.

ಡಿ ಅಂಡ್ ಡಿ ನಿಯಮಪುಸ್ತಕದ 3.5 ಆವೃತ್ತಿಯಲ್ಲಿ ಹಿಲ್ ಜೈಂಟ್ ಅನ್ನೋ ದೈತ್ಯ ಹತ್ತೂವರೆ ಅಡಿ. ಲಾರ್ಜ್ ಗಾತ್ರ, ಎರಡು ಇಂಚಿನ ಬೇಸ್. ಹಳೆಯ ಗೊಂಬೆಗಳಲ್ಲಿ ಹೆಚ್ಚಿನವು ಆ ಪುಸ್ತಕಕ್ಕೆ ಮಾಡಿದವು. ಐದನೇ ಆವೃತ್ತಿಯಲ್ಲಿ ಅದೇ ಹಿಲ್ ಜೈಂಟ್ 16 ಅಡಿ ಆಗಿ ಹ್ಯೂಜ್ ಪಟ್ಟಿಗೆ ಹೋಯಿತು, ಬೇಸ್ ಮೂರು ಇಂಚು. 1:60ರಲ್ಲಿ ಲೆಕ್ಕ ಹಾಕಿ. ಹಳೇದು 53 ಮಿ.ಮೀ., ಹೊಸದು 81. ಇದು ಶಿಲ್ಪಿಯ ತಪ್ಪೂ ಅಲ್ಲ, ಕಾರ್ಖಾನೆಯ ತಪ್ಪೂ ಅಲ್ಲ, ಎರಡೂ ತಂತಮ್ಮ ಪುಸ್ತಕಕ್ಕೆ ಸರಿಯಾಗೇ ಇವೆ. ಫ್ರಾಸ್ಟ್ ಜೈಂಟ್, ಫೈರ್ ಜೈಂಟ್ ಎಲ್ಲದಕ್ಕೂ ಇದೇ ಆಗಿದೆ. ನಾನು ಹಳೆಯ ದೈತ್ಯರನ್ನ ಮಾರಿಲ್ಲ. ಹೊಸ ದೈತ್ಯನ ಪಕ್ಕ ಅವನ ಮಕ್ಕಳು ಅಂತ ನಿಲ್ಲಿಸುತ್ತೇನೆ, ಆಡೋರು ಮೊದಲು ಮಕ್ಕಳಿಗೆ ಹೊಡೆಯೋಕೆ ಹಿಂಜರಿಯುತ್ತಾರೆ, ಕತೆಗೆ ಒಳ್ಳೇದೇ ಆಗುತ್ತೆ.

ಡ್ರ್ಯಾಗನ್‌ಗಳಿಗೆ ಈ ತೊಂದರೆ ಇಲ್ಲ. 2006ರಲ್ಲಿ ಬಂದ ಕೊಲಾಸಲ್ ರೆಡ್ ಡ್ರ್ಯಾಗನ್ ನೋಡಿದವರಿಗೆ ಗೊತ್ತು, ಅದು ಮೇಜಿಗೆ ಬಂದರೆ ಯಾರೂ ಅಳತೆ ಕೇಳಲ್ಲ. 3.5ರ ಪ್ರಕಾರ ಕೊಲಾಸಲ್ ಅಂದರೆ 64 ಅಡಿ ಮೇಲೆ, 1:60ರಲ್ಲಿ ಕನಿಷ್ಠ 32 ಸೆಂಟಿಮೀಟರ್. ಬಾಲ ಸೇರಿಸಿಯೋ ಬಿಟ್ಟೋ? ರೆಕ್ಕೆ ಬಿಚ್ಚಿದಾಗಲೋ? ಡ್ರ್ಯಾಗನ್ ನಿಜವಾಗಿ ಎಷ್ಟು ದೊಡ್ಡದು ಅಂತ ನಮ್ಮ ಕಣ್ಣಿಗೆ ಗೊತ್ತೇ ಇಲ್ಲ, ಹಾಗಾಗಿ ತಪ್ಪೂ ಕಾಣಲ್ಲ. ನಮಗೆ ಅಳತೆ ಗೊತ್ತಿರೋ ವಸ್ತುಗಳಲ್ಲೇ ಸಿಕ್ಕಿಬೀಳೋದು. ಮನುಷ್ಯ, ಬಾಗಿಲು, ಪೀಪಾಯಿ, ಕುರ್ಚಿ, ಕುದುರೆ. ನಾನು ಹೊಸ ಗೊಂಬೆ ತಂದರೆ ಇನ್ನೊಂದು ಗೊಂಬೆ ಪಕ್ಕ ಇಡಲ್ಲ, ಆಟದ ಪುಟ್ಟ ಬಾಗಿಲಿನ ಪಕ್ಕ ಇಡುತ್ತೇನೆ. ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಹೋಗ್ತಾನಾ? ಹೋದರೆ ಸಾಕು.

ಬೇಸ್ ನೋಡಿ ಸ್ಕೇಲ್ ಹೇಳೋರಿಗೆ ಒಂದು ಮಾತು. ಬೇಸ್ ಅಂದರೆ ಆ ಪ್ರಾಣಿ ಕಾದಾಡೋಕೆ ಹಿಡಿಯೋ ಜಾಗ, ಅದರ ಮೈ ಅಲ್ಲ. ಮನುಷ್ಯನ ಹೆಗಲು 1:60ರಲ್ಲಿ ಎಂಟು ಮಿ.ಮೀ. ಅಷ್ಟೇ, ನಿಂತಿರೋದು 25 ಮಿ.ಮೀ. ತಟ್ಟೆ ಮೇಲೆ. ಮೂರನೇ ಆವೃತ್ತಿಯಲ್ಲಿ ಕುದುರೆಗೆ ಐದಡಿ ಅಗಲ ಹತ್ತಡಿ ಉದ್ದದ ಜಾಗ ಇತ್ತು, 2003ರಲ್ಲಿ 3.5 ಬಂದು ಎಲ್ಲವನ್ನೂ ಚೌಕ ಮಾಡಿತು. ಅದಕ್ಕೇ ಕುದುರೆ ಸವಾರ ಎರಡಿಂಚಿನ ದುಂಡು ತಟ್ಟೆ ಮಧ್ಯೆ ಎರಡೂ ಪಕ್ಕ ಖಾಲಿ ಬಿಟ್ಟು ನಿಂತಿರೋದು.

ಇಪ್ಪತ್ಮುಖಿ:

ಅಬ್ಬಾ, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ತಲೆಗೆ ತಲೆ ಹಿಡಿದು ನೋಡಿದೆ, ಓಗರ್ ಹೇಳಿದ ಹಾಗೇ ಇದೆ. ಹಳೆಯ ಎರಡು ಸೆಟ್‌ಗಳ ಮನುಷ್ಯರು ಎತ್ತರದಲ್ಲಿ ಬೇರೆ ಬೇರೆ, ತಲೆಯಲ್ಲಿ ಸರಿಸಮ, ಒಟ್ಟಿಗೆ ಇಟ್ಟರೆ ಏನೂ ಅನ್ನಿಸಲ್ಲ.

ಇನ್ನೆರಡು ಪ್ರಶ್ನೆ ಉಳಿದಿವೆ. ಕೆಲವು ಗೊಂಬೆ ಮುಂದಕ್ಕೆ ಬಾಗಿವೆ, ಭಂಗಿ ಹಾಗೋ ಪ್ಯಾಕಿಂಗ್‌ನಲ್ಲಿ ಬಾಗಿದ್ದೋ ಗೊತ್ತಾಗ್ತಿಲ್ಲ. ಇವನ್ನ ಹೇಗೆ ಅಳೆಯೋದು? ಇನ್ನೊಂದು, ಮೇಜ್ ನೈಟ್‌ಗೆ ಕೆಳಗೆ ತಿರುಗೋ ಡಯಲ್ ಇದೆ, ಅದರ ದಪ್ಪಕ್ಕೇ ಎಲ್ಲರಿಗಿಂತ ಎತ್ತರ ಕಾಣುತ್ತವೆ. ಇವನ್ನ ಈ ಆಟಕ್ಕೆ ಬಳಸೋದು ಸಾಧ್ಯವಾ, ಅಥವಾ ಹಾಗೇ ಕೊಟ್ಟುಬಿಡಲಾ?

ಮೂಲೆಮನೆ ಓಗರ್:

ಬಾಗಿದ್ದನ್ನ ಮೊದಲು ನೆಟ್ಟಗೆ ಮಾಡಿ, ಆಮೇಲೆ ಅಳೆಯಿರಿ. ಬಿಸಿ ನೀರಲ್ಲಿ ಒಂದು ನಿಮಿಷ ಮುಳುಗಿಸಿದರೆ ಪಿವಿಸಿ ಮೆತ್ತಗಾಗುತ್ತದೆ. ಎಷ್ಟೋ ಸಲ ತಾನಾಗೇ ಅಚ್ಚಿನ ಆಕಾರಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ಬೆರಳಲ್ಲಿ ನೆಟ್ಟಗೆ ಹಿಡಿದು ಹಾಗೇ ತಣ್ಣೀರಿಗೆ ಅದ್ದಿ. ತಣ್ಣೀರಿಗೆ ಹೋಗೋ ಮುಂಚೆ ಬಿಟ್ಟರೆ ಮತ್ತೆ ಬಾಗುತ್ತದೆ. ಬಿಸಿ ಮಾಡಿದ ಮೇಲೂ ಬಾಗಿದ ಆಕಾರಕ್ಕೇ ಹೋಗುತ್ತಿದ್ದರೆ ಅದು ಶಿಲ್ಪಿ ಕೊಟ್ಟ ಭಂಗಿ, ಬಿಟ್ಟುಬಿಡಿ. ಅಂಥವುಗಳಲ್ಲಿ ಮೊಣಕಾಲಿನಿಂದ ಅಂಗಾಲಿನವರೆಗೆ ಅಳೆದು ಇನ್ನೊಂದರ ಜೊತೆ ಹೋಲಿಸಿ, ಪೂರ್ತಿ ಎತ್ತರ ಅಳೆಯೋಕೆ ಹೋಗಬೇಡಿ.

ಮೇಜ್ ನೈಟ್ ಧಾರಾಳವಾಗಿ ಬಳಸಬಹುದು. 2000ದಲ್ಲಿ ಬಂದ ಆಟ ಅದು, ಡಯಲ್ ತಿರುಗಿಸಿ ಗೊಂಬೆಯ ಶಕ್ತಿ ಇಳಿಸೋ ಲೆಕ್ಕ, ನಕ್ಷೆಯ ಚೌಕ ಅವರಿಗೆ ಬೇಕಿರಲಿಲ್ಲ, ಅಳತೆಪಟ್ಟಿಯಲ್ಲಿ ನಡೆಸುತ್ತಿದ್ದರು. ಹಾಗಾಗಿ ಒಂದಿಂಚಿನ ಬೇಸ್ ಒಳಗೆ ಹಿಡಿಸಬೇಕು ಅನ್ನೋ ಕಟ್ಟುಪಾಡೇ ಇರಲಿಲ್ಲ. ಸಣ್ಣ ಚೂಪು ಚಾಕುವಿನಿಂದ ಪಾದದ ಕೆಳಗೆ ಮೆಲ್ಲಗೆ ಬಿಡಿಸಿ, ಒಂದಿಂಚಿನ ಲೋಹದ ವಾಶರ್ ಮೇಲೆ ಸೂಪರ್ ಗ್ಲೂ ಹಾಕಿ ಅಂಟಿಸಿ. ವಾಶರ್ ಭಾರಕ್ಕೆ ಗೊಂಬೆ ಬೀಳೋದೂ ನಿಲ್ಲುತ್ತದೆ. ಬಹಳ ಜನ ಇದನ್ನೇ ಮಾಡುತ್ತಾರೆ.

ಬ್ರಶ್ ಬೇಡ:

ಕತ್ತರಿಸೋದೇ ಆದರೆ ಹೊಳಪನ್ನೂ ಸರಿ ಮಾಡಿ. ನನ್ನ ಕಣ್ಣಿಗೆ ಸ್ಕೇಲ್‌ಗಿಂತ ಜಾಸ್ತಿ ಬೇರೆ ಕಾಣೋದು ಹೊಳಪು. ಒಂದು ಗೊಂಬೆ ಮಿರಮಿರ, ಪಕ್ಕದ್ದು ಮಬ್ಬು, ಆಗ ಅಳತೆ ಒಂದೇ ಇದ್ದರೂ ಬೇರೆ ಆಟದ್ದು ಅನ್ನಿಸುತ್ತದೆ. ಎಲ್ಲಕ್ಕೂ ಒಂದೇ ಮ್ಯಾಟ್ ವಾರ್ನಿಶ್ ಒಂದು ಪದರ ಹಚ್ಚಿ, ಬೇಸ್ ಅಂಚಿಗೆಲ್ಲ ಒಂದೇ ಕಪ್ಪು ಬಣ್ಣ ಬಳಿಯಿರಿ. ಸ್ಪ್ರೇ ವಾರ್ನಿಶ್ ಆದರೆ ಬೇಡದ ಒಂದು ಗೊಂಬೆಯ ಮೇಲೆ ಮೊದಲು ಹೊಡೆದು ಎರಡು ದಿನ ಕಾಯಿರಿ. ಕೆಲವು ಸ್ಪ್ರೇಗಳು ಮೆದು ಪಿವಿಸಿ ಮೇಲೆ ಒಣಗೋದೇ ಇಲ್ಲ, ಕೈಗೆ ಅಂಟುತ್ತಲೇ ಇರುತ್ತದೆ. ಬ್ರಶ್‌ನಲ್ಲಿ ಹಚ್ಚೋ ನೀರಿನ ವಾರ್ನಿಶ್‌ಗೆ ಆ ಕಾಟ ಕಮ್ಮಿ. ಹೌದು, ನನ್ನ ಹೆಸರು ಬ್ರಶ್ ಬೇಡ, ಗೊತ್ತು.

ಕಪಾಟು ಭರ್ತಿ:

ಅಯ್ಯೋ ಸ್ವಾಮಿ, ವಾರ್ನಿಶ್, ಚಾಕು ಎರಡನ್ನೂ ಹಳೆಯ ಡಿ ಅಂಡ್ ಡಿ ಗೊಂಬೆಗಳಿಂದ ದೂರ ಇಡಿ. ಬೇಸ್ ಕತ್ತರಿಸಿದರೆ ಅಡಿಯ ಹೆಸರು, ಚಿಹ್ನೆ ಎಲ್ಲ ಹೋಯಿತು, ಆಮೇಲೆ ಯಾವ ಸೆಟ್‌ನದು ಅಂತ ತೋರಿಸೋಕೂ ಆಗಲ್ಲ. ಬಣ್ಣದ ಮೇಲೆ ಏನೇ ಹಚ್ಚಿದರೂ ಸಂಗ್ರಹಕಾರನ ಕಣ್ಣಲ್ಲಿ ಅದು ಮುಟ್ಟಿದ ಗೊಂಬೆ. ಮೇಜ್ ನೈಟ್ ಮೇಲೆ ಏನು ಬೇಕಾದರೂ ಮಾಡಿ. ಡಯಲ್ ಸಮೇತ ಬೇಕು ಅನ್ನೋರೂ ಇದ್ದಾರೆ, ಅದಕ್ಕೆ ಮೊದಲು ಸಾಮಾನ್ಯ ಸಿಪಾಯಿಗಳನ್ನ ಕತ್ತರಿಸಿ, ಹೆಸರಿರೋ ವೀರರನ್ನ ಹಾಗೇ ಬಿಡಿ.

ಮಾರೋದಕ್ಕೆ ನನ್ನ ಸಲಹೆ: ನಕ್ಷತ್ರ ಇರೋದನ್ನ ಕಾರ್ಡ್ ಜೊತೆ ಒಂದೊಂದೇ ಮಾರಿ. ಚುಕ್ಕೆ ಇರೋದನ್ನ ಒಂದೇ ಜಾತಿಯವು ಆರೋ ಎಂಟೋ ಸೇರಿಸಿ ಗುಂಪಾಗಿ ಮಾರಿ, ಆಟ ನಡೆಸೋರು ಬೇಗ ಎತ್ತಿಕೊಳ್ಳುತ್ತಾರೆ. ಫೋಟೋದಲ್ಲಿ ಪಕ್ಕಕ್ಕೆ ಒಂದು ಮಾಮೂಲಿ ಮನುಷ್ಯ ಗೊಂಬೆ ನಿಲ್ಲಿಸಿ. ಕೊಳ್ಳೋರಿಗೆ ಗಾತ್ರದ ಅಂದಾಜು ಸಿಗುತ್ತದೆ, ಎಷ್ಟು ಮಿ.ಮೀ. ಅಂತ ಯಾರಿಗೂ ವಿವರಿಸೋ ಕೆಲಸ ಇರಲ್ಲ.

ಇಪ್ಪತ್ಮುಖಿ:

ಸರಿ. ಹಾಗಾದರೆ ಹಳೇದನ್ನ ಮುಟ್ಟಲ್ಲ, ಮೇಜ್ ನೈಟ್ ಸಿಪಾಯಿಗಳಿಗೆ ವಾಶರ್. ಬೇಸ್ ಅಡಿ ನೋಡ್ತಾ ಕೂತಿದ್ದೇನೆ, ನಾನು ಕಾಮನ್ ಅಂದುಕೊಂಡಿದ್ದ ಎರಡು ಗಾಬ್ಲಿನ್ ಕೆಳಗೆ ವಜ್ರದ ಗುರುತಿದೆ. ದೈತ್ಯರ ಮಕ್ಕಳ ಐಡಿಯಾ ಕದ್ದಿದ್ದೇನೆ ಕೊಡಲಿ ಅವರೇ, ಬೇಜಾರು ಮಾಡ್ಕೋಬೇಡಿ.

ಕುಳ್ಳ ಕೊಡಲಿ:

ತಗೊಳ್ಳಿ ತಗೊಳ್ಳಿ. ಆದರೆ ಅಪ್ಪ ದೈತ್ಯನನ್ನ ಬಾಗಿಲಿನ ಆ ಕಡೆ ಇಡಿ, ಆಡೋರು ಮೊದಲು ನೋಡೋದು ಮಕ್ಕಳನ್ನಾಗಿರಲಿ.